ಕೇಸ್ ಶೀಟ್ ನಂಬರ್ ಹದಿನೇಳು

ಮೂರನೇ ಸೆಮಿಸ್ಟರಿಗೆ ಇಪ್ಪತ್ತು ಮಂದಿಯನ್ನು
ಕೇಳಿ, ಬರೆದು ತರಬೇಕು ನಾವು:
ನಿದ್ದೆ, ಊಟ, ಉಸಿರು, ಮಲ, ಮನಸ್ಸು,
ನಂಟು, ನಂಬಿಕೆ, ದುಡ್ಡು.
ಎಂಟು ಅರಗಳ ಒಂದು ಚಕ್ರ.
ಹತ್ತಕ್ಕೆ ಎಷ್ಟೋ, ಅರದ ಮೇಲೆ ಅಲ್ಲಿಗೊಂದು ಚುಕ್ಕಿ;
ಚುಕ್ಕಿ ಸೇರಿಸಿದರೆ ಚಕ್ರ ಉರುಳಬೇಕು.
ಉರುಳದಿದ್ದರೆ ಯಾಕೆಂದು ಬರೆಯಬೇಕು, ಎರಡು ಪುಟ.

ಹದಿನಾರು ಸಲೀಸಾಗಿ ಮುಗಿದವು.
ಹಾಸ್ಟೆಲಿನ ವಾರ್ಡನ್, ಕ್ಯಾಂಟೀನಿನ ಭಟ್ಟರು,
ಶಮ್ನಾಳ ವಿಟ್ಲದ ಚಿಕ್ಕಪ್ಪ, ಫೋನಿನಲ್ಲೇ.
ಎಲ್ಲರ ಚಕ್ರವೂ ಉರುಳಿತು,
ಹಾಗೆಂದು ಅವರೇ ಹೇಳಿದರು.

ಹದಿನೇಳನೆಯದು ಮಲ್ಪೆ ಧಕ್ಕೆಯಲ್ಲಿ,
ಬೆಳಗಿನ ಐದೂವರೆಗೆ.
ವಾರಿಜಕ್ಕ ಸಿಗಡಿ ಸುಲಿಯುತ್ತಿದ್ದಳು,
ಬೆರಳ ತುದಿಗಳು ನೆನೆದ ಅವಲಕ್ಕಿ.
ಮಂಜುಗಡ್ಡೆಯ ನೀರು ನನ್ನ ಚಪ್ಪಲಿಯೊಳಗೆ.

‘ಎಷ್ಟು ಗಂಟೆ ನಿದ್ದೆ ಮಾಡ್ತೀರಿ?’
‘ಬೋಟು ಬಂದ ಹಾಗೆ.’

ಆರಕ್ಕಿಂತ ಕಡಿಮೆ, ಆರರಿಂದ ಎಂಟು, ಎಂಟಕ್ಕಿಂತ ಹೆಚ್ಚು:
ನನ್ನ ಬಳಿ ಇದ್ದದ್ದು ಮೂರೇ ಚೌಕ.
‘ಕೂಡಿಸಿ ಬರಿ ಮಾರಾಯ್ತಿ. ಮಧ್ಯಾಹ್ನ ಎರಡು,
ಬಸ್ಸಿನಲ್ಲಿ ಅರ್ಧ. ಜೂನು ಜುಲೈ
ಬೋಟು ಮೇಲೆ ಬಿದ್ದಿರುವಾಗ ಬೇಕಾದಷ್ಟು,
ಆಗ ಬರುವುದಿಲ್ಲ.’

‘ಸಂತೋಷಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀರಿ?’
‘ಕಿಲೋಕ್ಕೆ ಎಷ್ಟು ಅಂತ ಕೇಳು, ಹೇಳ್ತೇನೆ.’
ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ.
ಪೆನ್ನು ಮಾತ್ರ ಐದರ ಮೇಲೆ ಸುಮ್ಮನೆ ಕೂತಿತ್ತು.

‘ಇದು ಕಲಿತು ನಿನಗೆ ಎಂತ ಕೆಲಸ ಸಿಗ್ತದೆ?’

ಇಂಟರ್‌ವ್ಯೂಗೆಂದು ಬಾಯಿಪಾಠ ಮಾಡಿದ ಉತ್ತರ ಉಂಟು ನನ್ನಲ್ಲಿ.
ಕಾಪುವಿನಾಚೆ ಒಂದು ರಿಸಾರ್ಟು, ಹದಿನೆಂಟು ಸಾವಿರ,
ಎಣ್ಣೆ, ಬಿಸಿಕಲ್ಲು, ಕೊಳಲಿನ ರೆಕಾರ್ಡು;
ಇಲ್ಲವೇ ಶಾಲೆಯಲ್ಲಿ ಯೋಗ ಟೀಚರು, ಗೌರವಧನ,
ಗೌರವ ಹೆಚ್ಚು, ಧನ ಕಡಿಮೆ;
ಅಪ್ಪನ ಬಾಯಲ್ಲಿ, ‘ಸೂಜಿ ಚುಚ್ಚದ ಡಾಕ್ಟ್ರು’.
ಯಾವುದೂ ಆ ನೀರಿನಲ್ಲಿ ನಿಲ್ಲುವಂಥದ್ದಲ್ಲ.
‘ಹೇಗಿದ್ದೀರಿ ಅಂತ ಜನರನ್ನು ಕೇಳುವ ಕೆಲಸ’ ಎಂದೆ.

‘ಅದಕ್ಕೆ ಸಂಬಳ ಉಂಟಾ?’
ಸಿಗಡಿಯ ತಲೆ ಚಟಕ್ಕನೆ ಮುರಿಯಿತು.
‘ಹಾಗಾದರೆ ನಮ್ಮ ಬಾಗಿಗೆ ಎಷ್ಟು ಬಾಕಿ ಇರಬಹುದು ಲೆಕ್ಕ ಹಾಕು.
ಇಪ್ಪತ್ತೆರಡು ವರ್ಷ, ದಿನಾ ಕೇಳ್ತಿದ್ದಳು.’

ಪಕ್ಕದಲ್ಲೊಂದು ಬಕೆಟ್ಟು ಬೋರಲು ಬಿದ್ದಿತ್ತು.
ಅಷ್ಟು ಇಕ್ಕಟ್ಟಿನಲ್ಲೂ ಅದರ ಮೇಲೆ
ಯಾರೂ ಕೂತಿರಲಿಲ್ಲ.
ಆರನೆಯ ಅರದ ಮೇಲೆ ಚುಕ್ಕಿ ಎಲ್ಲಿಡಲಿ ಎಂದು
ನಾನು ಕೇಳಲಿಲ್ಲ.

ರಾತ್ರಿ ಹಾಸ್ಟೆಲಿನಲ್ಲಿ ಗೆರೆ ಎಳೆದೆ.
ಚಕ್ರವಲ್ಲ, ಏಡಿ. ಒಂದು ಕಾಲಿಲ್ಲದ್ದು.
‘ಅಡ್ಡಡ್ಡ ಹೋಗ್ತದೆ, ಆದ್ರೆ ಹೋಗ್ತದೆ’ ಎಂದಳು ಶಮ್ನಾ,
ಮೂಗು ಮುಚ್ಚಿಕೊಂಡು.
ಹಾಳೆ ಉಪ್ಪು ಕುಡಿದಿತ್ತು;
ಹದಿನೆಂಟಕ್ಕೆ ಅಂಟಿ ಬಿಡಲೊಲ್ಲದು.

ವೈವಾದಲ್ಲಿ ಮೇಡಂ ಅದನ್ನು ತುದಿ ಬೆರಳಲ್ಲಿ ಹಿಡಿದು
‘ಈ ಕೇಸಿಗೆ ನಿಮ್ಮ ಸಲಹೆ?’ ಎಂದರು.
ಹತ್ತಕ್ಕೆ ಮಲಗಿ, ಬೇಗ ಏಳಿ,
ನಾಡಿಶೋಧನ ಒಂಬತ್ತು ಸುತ್ತು: ಎಲ್ಲ ಗೊತ್ತಿತ್ತು.
ಬಾಯಿಗೆ ಬಂದದ್ದು,
‘ಬೆನ್ನು ಆನಿಸುವಂಥ ಒಂದು ಸ್ಟೂಲು, ಮೇಡಂ.
ಎರಡಾದರೆ ಒಳ್ಳೆಯದು.’

ಅದು ಸಿಲಬಸ್ಸಿನಲ್ಲಿಲ್ಲ ಎಂದರು.
ಕನ್ನಡಕ ತೆಗೆದು ಒರೆಸಿದರು.
ಅರ್ಧ ಅಂಕ ಕೊಟ್ಟರು.
ಯಾವ ಸ್ಟೂಲಿಗೆ ಎಂದು
ನಾನು ಕೇಳಲಿಲ್ಲ.