ಮೂರು ನಿಮಿಷ

ನಮ್ಮ ಮಾತಿನಲ್ಲಿ ಹೆತ್ತವಳು ಅವ್ವ,
ತಾಯಿ ಎಂದರೆ ಅಜ್ಜಿ.
ಯಾರನ್ನೂ ಹೆರದ ಚೋಂದವ್ವನನ್ನು,
ಅಜ್ಜನ ಕೊನೆಯ ತಂಗಿಯನ್ನು,
ನಾವು ಹದಿನಾಲ್ಕು ಮೊಮ್ಮಕ್ಕಳು
ತಾಯಿ ಎಂದೇ ಕರೆದು ಬೆಳೆದೆವು.

ಅವಳು ಹುಟ್ಟಿದ ರಾತ್ರಿ ಗುಂಡು ಹಾರಲಿಲ್ಲ.
ಹೆಣ್ಣು. ಕೋವಿ ಗೋಡೆಯಲ್ಲೇ ಉಳಿಯಿತು.
ಮೊನ್ನೆ ಬುಧವಾರ,
ತೊಂಬತ್ತಾರು ತುಂಬಿ ಏಳು ತಿಂಗಳಿಗೆ,
ಅಂಗಳದಲ್ಲಿ ಜೋಡಿ ಗುಂಡು.
ಪಕ್ಕದ ಮನೆಯ ನಾಯಿ ಬೆದರಿ ಜೀಪಿನಡಿಗೆ ನುಗ್ಗಿತು.

ನಡುವೆ ಏನಿತ್ತು ಎಂದರೆ
ಮಡಿಕೇರಿಯ ಟೆಲಿಫೋನ್ ಎಕ್ಸ್‌ಚೇಂಜು. ಮೂವತ್ತೊಂದು ವರ್ಷ.
ತಿರುಗುವ ಕುರ್ಚಿ (ತುಕ್ಕು ಹಿಡಿದು ತಿರುಗುತ್ತಿರಲಿಲ್ಲ),
ಎದುರಿಗೆ ತೂತುಗಳ ಹಲಗೆ,
ಬೆರಳ ಸಂದಿಯಲ್ಲಿ ತಂತಿಯ ಕುಣಿಕೆ.
ಪಾಲಿಬೆಟ್ಟ ಏಳು. ಸುಂಟಿಕೊಪ್ಪ ಹತ್ತೊಂಬತ್ತು.
ಕುಟ್ಟದಲ್ಲಿ ಡಾಕ್ಟರೊಬ್ಬರಿಗೆ ಇತ್ತು,
ಅವರು ಎತ್ತುತ್ತಿರಲಿಲ್ಲ.

ಎಷ್ಟು ನೆಟ್ಟಗೆ ಕೂರುತ್ತೀರಿ ಈ ವಯಸ್ಸಿನಲ್ಲೂ,
ಎಂದು ಯಾರೋ ಹೊಗಳಿದಾಗ ನಕ್ಕಿದ್ದಳು:
'ನಮ್ಮ ಸೀರೆಯ ನೆರಿಗೆ ಬೆನ್ನಿಗಲ್ಲವಾ?
ಎಂಟು ಗಂಟೆ ಒರಗಿ ಕೂತರೆ ಗಂಟು ಸೊಂಟಕ್ಕೆ ಒತ್ತುತ್ತದೆ.
ಅಷ್ಟೇ. ಶಿಸ್ತೂ ಇಲ್ಲ, ಗಿಸ್ತೂ ಇಲ್ಲ.'

ಒಮ್ಮೆ ನಾನು ಕೇಳಿದ್ದೆ:
ಕೊಡಗಿನವರೆಲ್ಲ ಏನೇನು ಮಾತಾಡಿದರು, ತಾಯಿ?
'ಏನೂ ಇಲ್ಲ ಕಣೋ.
ಮಳೆ ಎಷ್ಟು, ಮೆಣಸಿನ ದರ ಎಷ್ಟು, ದನ ಕರು ಹಾಕಿತಾ.
ಮೂರು ನಿಮಿಷ ಆಯಿತು ಎಂದು ನಾನು ಹೇಳಬೇಕು,
ಆಗ ಬಾಯಿ ಬಿಡುತ್ತಾರೆ.'

ಎಪ್ಪತ್ತೊಂದರ ಡಿಸೆಂಬರು.
ಪುಣೆಯ ಮಿಲಿಟರಿ ಆಸ್ಪತ್ರೆಯಿಂದ ಟ್ರಂಕ್ ಕಾಲು.
ಈ ಕಡೆ ನಾಪೋಕ್ಲಿನ ಅಂಚೆ ಕಚೇರಿಯಲ್ಲಿ
ಬೆಳಗಿನಿಂದ ಕಾದ ಹೆಂಗಸು, ಕಂಕುಳಲ್ಲಿ ಕೂಸು.
ಇಬ್ಬರೂ ಕಾಫಿ ಕುಯ್ಲಿನ ಮಾತಾಡಿದರಂತೆ.
ಎಷ್ಟು ಆಳು. ಎಷ್ಟು ಚೀಲ. ಕಣದಲ್ಲಿ ಬಿಸಿಲಿದೆಯಾ.
'ಮೂರು ನಿಮಿಷ ಅಂದೆ.
ಆಗ ಅವನು ಕಾಲಿನ ವಿಷಯ ಹೇಳಿದ.'

ಆಮೇಲೆ?
'ಆಮೇಲೆ ನಾನು ಗಡಿಯಾರ ನೋಡುವುದು ಮರೆತೆ.
ಚೀಟಿಯಲ್ಲಿ ಮೂರು ಎಂದೇ ಬರೆದೆ.'
ಸಿಕ್ಕಿಬೀಳಲಿಲ್ಲವಾ?
'ಬಿದ್ದೆ. ಸಂಬಳದಲ್ಲಿ ಹಿಡಿದರು.
ಅದಕ್ಕಲ್ಲ, ಬೇರೆ ಎರಡಕ್ಕೆ.'
ಅವರ ಮನೆಹೆಸರು ಕೇಳಿದೆ.
ಕಿತ್ತಳೆಯ ಸಿಪ್ಪೆ ಸುಲಿಯತೊಡಗಿದಳು,
ಬಿಳಿಯ ನಾರನ್ನೂ ಒಂದೊಂದಾಗಿ ಬಿಡಿಸಿ,
ತೊಳೆ ನನ್ನ ಕೈಗಿಟ್ಟಳು.

ಕೊನೆಯ ಮೂರು ವರ್ಷ ವಿರಾಜಪೇಟೆಯಲ್ಲಿ, ನಮ್ಮ ಜೊತೆ.
ಹೆಸರುಗಳು ಉದುರಿದವು, ನಂಬರುಗಳು ಉಳಿದವು.
ಅಪ್ಪ ಬಾಗಿಲಲ್ಲಿ ನಿಂತರೆ, 'ಬಾ, ಸಿದ್ದಾಪುರ ಹನ್ನೊಂದು.'
ಅತ್ತೆ ಪೊನ್ನಂಪೇಟೆ ನಾಲ್ಕು; ಅವಳಿಗೆ ಅದರ ಹೆಮ್ಮೆ.
ಹಲಗೆ ತೆಗೆದು ಯಂತ್ರ ಕೂರಿಸಿದ ಮೇಲೆ ಹುಟ್ಟಿದ ನನಗೆ
ನಂಬರೇ ಇರಲಿಲ್ಲ.
ನನ್ನ ಮುಖ ನೋಡುವಳು, ಹುಬ್ಬು ಗಂಟಿಕ್ಕುವಳು,
ಬಲು ಮರ್ಯಾದೆಯಿಂದ ಹೇಳುವಳು:
'ದಯವಿಟ್ಟು ಲೈನಿನಲ್ಲಿರಿ.'
ನಾನು ಇರುತ್ತಿದ್ದೆ. ಕೆಲವೊಮ್ಮೆ ಸಂಜೆಯವರೆಗೂ.

ಮೀಯಿಸುವಾಗ ಒಳಗಿನಿಂದ ಗದ್ದಲ.
ಎಡಗಿವಿಯ ಓಲೆ ಎಲ್ಲಿ?
ಮಂಚದಡಿ, ದಿಂಬಿನ ಚೀಲದಲ್ಲಿ, ಬಚ್ಚಲ ಮೋರಿಯಲ್ಲಿ ಹುಡುಕಿದರು,
ನರ್ಸ್ ಹುಡುಗಿಯ ಮುಖ ಬಿಳಿಚಿತು.
ಆಮೇಲೆ ಅತ್ತೆ ದೀಪ ಹತ್ತಿರ ಹಿಡಿದು ನೋಡಿದಳು:
ಓಲೆಗೆ ತೂತೇ ಇಲ್ಲ. ಎಂದೋ ಮುಚ್ಚಿಹೋಗಿದೆ.
ಹೆಡ್‌ಫೋನು ಒತ್ತಿ ಒತ್ತಿ ಚಪ್ಪಟೆಯಾದ ಕಿವಿ.
ಇಷ್ಟು ವರ್ಷ ತಲೆವಸ್ತ್ರದ ಮರೆಯಲ್ಲಿ
ನಾವ್ಯಾರೂ ಕಂಡಿರಲಿಲ್ಲ.

ಕಾಲು ಮುಟ್ಟುವ ಸರದಿ ನನಗೆ ಬಂತು.
ಕಾಲು ಮುಟ್ಟಿದೆ. ಮತ್ತೆ ಬಾಗಿದೆ, ಆ ಕಿವಿಯ ಹತ್ತಿರ.
ಏನೋ ಹೇಳಬೇಕಿತ್ತು.
ಈ ಸಲ ಕುಯ್ಲು ತಡ, ತಾಯಿ, ಎಂದೆ.
ಆಳು ಸಿಗುತ್ತಿಲ್ಲ ಎಂದೆ.
ಹಿಂದೆ ನಿಂತವರು ಕೆಮ್ಮಿದರು.