ಕಣ್ಣಿನೆತ್ತರ

ಪಪ್ಪಾಯದ ಎಲೆದಂಟು ಒಂದು ಗೇಣು,
ಜ್ಯಾಮಿಟ್ರಿ ಬಾಕ್ಸಿನ ಅರ್ಧಚಂದ್ರ,
ಗೋಣಿ ಹೊಲಿಯುವ ದಾರದ ತುದಿಗೆ
ತುಕ್ಕು ಹಿಡಿದೊಂದು ನಟ್ಟು.
ಇಷ್ಟೇ ನಮ್ಮ ಯಂತ್ರ.
ಸುಂಟಿಕೊಪ್ಪದ ಹೈಸ್ಕೂಲಿನ ಬೇಲಿಯಾಚೆ
ಯಾರದೋ ತೋಟದ ಸಿಲ್ವರ್ ಮರ.
"ಹತ್ತಬೇಡಿ, ಕಡಿಯಬೇಡಿ, ಅಳೆಯಿರಿ" ಅಂದರು
ಚೋಂದಮ್ಮ ಟೀಚರ್
ಜನವರಿಯ ಬಿಸಿಲಿಗೆ ಕೊಡೆ ಬಿಚ್ಚಿ.

ಹಿಂದಕ್ಕೆ ನಡೆದೆ. ಇನ್ನೂ ಹಿಂದಕ್ಕೆ,
ದಾರ ನಲವತ್ತೈದಕ್ಕೆ ಬಂದು ನಿಲ್ಲುವವರೆಗೆ,
ಬೆನ್ನಿಗೆ ಕಾಫಿಗಿಡ ಚುಚ್ಚುವವರೆಗೆ.
ಟೇಪು ಹಿಡಿದ ಹಂಸ ಕೂಗಿದ: ಇಪ್ಪತ್ತೆರಡು ಮೀಟರು!
ನಲವತ್ತೈದಾದರೆ ದೂರವೇ ಎತ್ತರ.
ಬರೆದೆ, ಕೆಳಗೆ ಎರಡು ಗೆರೆ ಎಳೆದೆ.

ಟೀಚರ್ ಪುಸ್ತಕ ಮಡಚಿ
ಅಡಿಯಿಂದ ಮುಡಿಯವರೆಗೆ ನೋಡಿದರು ನನ್ನ.
"ಮಲಗಿಕೊಂಡು ನೋಡಿದೆಯಾ ಮರವನ್ನ?"
"ನಿಂತು, ಟೀಚರ್."
"ಮತ್ತೆ ನಿನ್ನನ್ನೇ ಕೂಡಿಸಿಲ್ಲವಲ್ಲೇ."

ಗೋಡೆಗೆ ಒರಗಿಸಿ ಕಣ್ಣಿನ ಮಟ್ಟಕ್ಕೆ
ಸೀಮೆಸುಣ್ಣದ ಗೆರೆ: ಒಂದು ಮೀಟರು ನಲವತ್ತು.
ಮರ ಅಷ್ಟು ಬೆಳೆಯಿತು.
ಅಲ್ಲಿಯವರೆಗೆ ನನ್ನನ್ನು ಲೆಕ್ಕಕ್ಕೆ ಹಿಡಿದದ್ದು
ಲೈನ್‌ಮನೆಯ ರೇಶನ್ ಕಾರ್ಡು ಒಂದೇ.

ಹಂಸನ ಮಾವನಿಗೆ ಮರದ ವ್ಯಾಪಾರ.
ಸುತ್ತಳತೆಯ ಕಾಲುಭಾಗ, ಅದರ ವರ್ಗ, ಇಂಟು ಉದ್ದ:
ಮೂರು ತಲೆಮಾರಿನ ಬಾಯಿಲೆಕ್ಕ.
ಸಿಲಿಂಡರಿನ ಪಾಠ ಮುಗಿದ ಸಂಜೆ
ಅದೇ ದಿಮ್ಮಿಗೆ ಪೈ ಹಾಕಿ ನೋಡಿದೆವು ನಾವಿಬ್ಬರು,
ನೂರಕ್ಕೆ ಇಪ್ಪತ್ತೊಂದು ಕಾಣೆ!
ಮಾವ ಬೀಡಿ ಆರಿಸಿ ನಕ್ಕರು:
"ಅದು ತೊಗಟೆಗೆ, ಗರಗಸದ ಹುಡಿಗೆ.
ನಿಮ್ಮ ಪೈಗೆ ತೊಗಟೆ ಉಂಟಾ?"
ಉತ್ತರ ಹೊಳೆಯಲಿಲ್ಲ. ಅವರದೂ ಸರಿಯಿರಬಹುದು.
ಆದರೆ ಆ ರಾತ್ರಿ ನಿದ್ದೆ ಬಾರದೆ
ಅಮ್ಮನ ತೂಕದ ಚೀಟಿಗಳನ್ನೆಲ್ಲ ಹರವಿದೆ.
ಗೋಣಿಯ ಲೆಕ್ಕವೆಂದು ರೈಟರ್ ಕಳೆಯುವುದು
ಚೀಲಕ್ಕೆ ಎರಡು ಕಿಲೋ.
ಬೆಳಿಗ್ಗೆ ಅಂಗಡಿಯ ತಕ್ಕಡಿಯಲ್ಲಿ
ಖಾಲಿ ಗೋಣಿ ತೂಗಿತು ಏಳುನೂರು ಗ್ರಾಂ.
"ಸುಮ್ಮನಿರು" ಅಂದಳು ಅಮ್ಮ.
ಮರುವಾರ ಅವಳೇ ಹೋಗಿ ಕೇಳಿದಳು,
ಸೆರಗಿನಲ್ಲಿ ಗೋಣಿ ಸುತ್ತಿಕೊಂಡು.

ದತ್ತ, ಸಾಧನೀಯ, ರಚನೆ, ಸಾಧನೆ.
ಸಾಧನೆಯೆಂದರೆ ವೇದಿಕೆ, ಶಾಲು, ಚಪ್ಪಾಳೆ
ಎಂದುಕೊಂಡಿದ್ದೆ ಎಂಟನೇ ಕ್ಲಾಸಿನವರೆಗೆ.
ಪ್ರಮೇಯದ ಕೊನೆಯಲ್ಲಿ ಅದು ಬೇರೆಯೇ:
ಹೇಗೆ ಗೊತ್ತು ನಿನಗೆ ಅಂದವರಿಗೆ
ದನಿ ಏರಿಸದೆ ಹೇಳುವ ಮಾತು.
ರಚನೆಯೇ ಕಷ್ಟ. ಚಿತ್ರದಲ್ಲಿಲ್ಲದ ಗೆರೆಯೊಂದನ್ನು
ನಾವೇ ಎಳೆಯಬೇಕು, ಎಲ್ಲಿಂದ ಎಲ್ಲಿಗೆ ಅಂತ
ಯಾರೂ ಹೇಳುವುದಿಲ್ಲ.
ಎಷ್ಟೋ ಸಲ ಎಳೆದು, ಅಳಿಸಿ, ಹಾಳೆಯೇ ತೂತು.
ಪಬ್ಲಿಕ್ ಪರೀಕ್ಷೆಯಲ್ಲಿ ಗಣಿತಕ್ಕೆ ಅರವತ್ತೊಂದು.
ಯಾರೂ ಸಿಹಿ ಹಂಚಲಿಲ್ಲ.

ಅರವತ್ತೊಂದು ಸಾಕಾಯಿತು ಕುಶಾಲನಗರದ ಡಿಪ್ಲೊಮಾಕ್ಕೆ.
ಈಗ ಮೂರು ಕಾಲಿನ ಯಂತ್ರ ಹೆಗಲಿಗೇರಿಸಿ
ಗುಡ್ಡ ಹತ್ತುತ್ತೇನೆ ದಿನವೂ.
ಬಾಣೆ, ಪೈಸಾರಿ, ಊರುಡುವೆ,
ಕಾಗದದಲ್ಲಿ ಹೆಸರು ಏನೇ ಇರಲಿ
ಇಳಿಜಾರಿನ ಕೋನ ಹೆಸರು ಕೇಳುವುದಿಲ್ಲ.
ಗುಂಡಿ ಒತ್ತಿದರೆ ಯಂತ್ರ ಮೊದಲು ಕೇಳುವುದು
ನೀನು ನಿಂತ ಎತ್ತರ ಎಷ್ಟು ಎಂದೇ.
ಟೇಪು ಬಿಚ್ಚುವಾಗೆಲ್ಲ
ಸೀಮೆಸುಣ್ಣದ ವಾಸನೆ.
ಆ ಮರ ಎಂದೋ ಮಾವನ ಲಾರಿ ಹತ್ತಿತು.

ಮೊನ್ನೆ ಮಾದಾಪುರದ ಮೇಲಿನ ಇಳಿಜಾರಿನಲ್ಲಿ
ಯೂನಿಫಾರ್ಮಿನ ಹುಡುಗಿಯೊಬ್ಬಳು,
ಚೀಲದ ಪಟ್ಟಿಗೆ ಸೇಫ್ಟಿ ಪಿನ್ನು,
ಬಹಳ ಹೊತ್ತು ನೋಡಿ ಕೇಳಿದಳು:
"ಇದಕ್ಕೆ ಗಣಿತ ಬೇಕಾ ಅಕ್ಕಾ? ನನಗೆ ಬರುವುದಿಲ್ಲ."
ಕೋಲು ಕೊಟ್ಟು ಆಚೆ ನಿಲ್ಲಿಸಿದೆ.
"ನೇರ ಹಿಡಿ. ಗಾಜಿನೊಳಗೆ ಗುಳ್ಳೆ ಉಂಟಲ್ಲ,
ಅದನ್ನೇ ನೋಡು, ನನ್ನನ್ನಲ್ಲ."
ತುಟಿ ಕಚ್ಚಿಕೊಂಡು ಹಿಡಿದಳು.
ದೂರದ ಕನ್ನಡಿಯಲ್ಲಿ ಕಂಡೆ:
ಕೋಲು ವಾಲಿತು, ಮತ್ತೆ ವಾಲಿತು,
"ನಡುಗ್ತಾ ಉಂಟು ಅಕ್ಕಾ, ನಡುಗ್ತಾ ಉಂಟು..."
ತಡೆದು,
"ನಡುವಿಗೆ ಬಂತು."