ಅಳತೆ

ಪಿ.ಬಿ. ರಸ್ತೆಯ ಶೋರೂಮಿನವ
ಬಣ್ಣದ ಪುಸ್ತಕ ತೆರೆದ:
ಸದ್ದಿಲ್ಲದೆ ಮುಚ್ಚುವ ಡ್ರಾಯರು,
ಒಗ್ಗರಣೆಯನ್ನೇ ಕಂಡಿರದ ಗೋಡೆ.
ಕಂತಿನಲ್ಲೂ ಕೊಡಬಹುದಂತೆ.

ಮಂಡಿಪೇಟೆಯವ ಫೋನಿನಲ್ಲೇ
ರೇಟು ಹೇಳಿ, ಇಳಿಸಿ,
ಕೇಳದೆಯೂ ಮತ್ತೆ ಇಳಿಸಿದ.
ನನಗೆ ಭಯವಾಯಿತು.

ನಾಳೆ ಅಂದ ದಸ್ತಗೀರ್
ಐದನೇ ದಿನಕ್ಕೆ ಬಂದ, ಟೇಪು ಮರೆತು.
ಹಿತ್ತಿಲ ಕಡೆ ಎಬ್ಬಿಸಿದ ಹಸಿ ಗೋಡೆ ತಟ್ಟಿ
"ರೊಟ್ಟಿ ಬಡಿಯೋರು ಯಾರ್ರಿ?" ಅಂದ.

ಅತ್ತೆ ಹಾಲಮ್ಮ ಎದ್ದು ಬಂದು
ಇಲ್ಲದ ಕಟ್ಟೆಯ ಮೇಲೆ
ಗಾಳಿಗೇ ಎರಡೇಟು ಬಡಿದರು.
ಅಂಗೈ ನಿಂತಲ್ಲಿ
ಇಟ್ಟಿಗೆ ಚೂರಿನಿಂದ ಒಂದು ಗೀಟು.
ನನ್ನದು ನಾಲ್ಕು ಬೆರಳು ಮೇಲೆ.

ಅಡ್ವಾನ್ಸು ಕೊಟ್ಟಿದ್ದೇನೆ.
ಗ್ರಾನೈಟ್ ಇನ್ನೂ ಬಂದಿಲ್ಲ;
ಹೋಗಿ ಬರುವಾಗ ಇಬ್ಬರೂ
ತಂತಮ್ಮ ಗೀಟನ್ನು
ಸುಮ್ಮನೆ ಮುಟ್ಟುತ್ತೇವೆ.